ಗೋಡೆ ಇಲ್ಲದ ಮನೆಯಲ್ಲಿ ಅಡಗಿದವರು

"ತಲೆ ಬಗ್ಸು! ಬಸ್ ಬಂತು!" ಅಪ್ಪ ಪಿಸುಗುಟ್ಟಿದ.

ತಿರೇಸಾ ಚಾಪೆಯ ಮೇಲೆ ಬೋರಲು ಬಿದ್ದಳು. ತಮ್ಮ ಪೆನಿ ಅವಳ ಬೆನ್ನ ಮೇಲೆ ಬಿದ್ದ. ಅಪ್ಪ ಕಂಬದ ಹಿಂದೆ ನಿಂತ. ಕಂಬ ತೆಳ್ಳಗಿತ್ತು, ಅಪ್ಪ ತೆಳ್ಳಗಿರಲಿಲ್ಲ. ಹೊಟ್ಟೆ ಒಂದು ಕಡೆ, ಬೆನ್ನು ಇನ್ನೊಂದು ಕಡೆ ಆಚೆ ಕಾಣುತ್ತಿದ್ದವು.

ಅಮ್ಮ ಮಾತ್ರ ಕೂತಲ್ಲೇ ಬಾಳೆಹಣ್ಣು ಸುಲಿಯುತ್ತಿದ್ದಳು. "ರೀ, ಇದು ಫಾಲೆ. ನಾಲ್ಕು ಕಂಬ, ಮೇಲೊಂದು ಸೂರು. ಗೋಡೆನೇ ಇಲ್ದಿರೋ ಮನೇಲಿ ಅದೇನು ಅಡಗ್ತೀರೋ!"

ಗುಲಾಬಿ ಬಣ್ಣದ ಬಸ್ಸು ಜೋರಾಗಿ ಹಾಡು ಹಾಕಿಕೊಂಡು ಹೋಯಿತು. ಒಳಗಿದ್ದವರೆಲ್ಲ ಕೈ ಬೀಸಿದರು. ಪೆನಿ ಎದ್ದು ನಿಂತು ತಾನೂ ಬೀಸಿದ.

ಇದೆಲ್ಲ ಆದದ್ದು ತಿರೇಸಾಳಿಂದಲೇ. ಅಪ್ಪ ನ್ಯೂಜಿಲೆಂಡಿನ ಸೇಬಿನ ತೋಟದಲ್ಲಿ ಏಳು ತಿಂಗಳು ದುಡಿದು ಈಗಷ್ಟೇ ಸಮೋವಾಕ್ಕೆ ಮರಳಿದ್ದ. ಸ್ವಲ್ಪ ದಿನಕ್ಕೆ ಮತ್ತೆ ಹೋಗಬೇಕು. ಆದರೆ ಬಂದ ದಿನದಿಂದ ರಾಜಧಾನಿ ಅಪಿಯಾದ ಅವರ ಮನೆಯಲ್ಲಿ ಜನವೋ ಜನ. ಅಪ್ಪನ ಒಂದು ಪಕ್ಕದಲ್ಲಿ ಮಾವ, ಇನ್ನೊಂದು ಪಕ್ಕದಲ್ಲಿ ಚಿಕ್ಕಪ್ಪ, ತೊಡೆಯ ಮೇಲೆ ಯಾರದೋ ಮಗು. ತಿರೇಸಾ ಬಾಗಿಲ ಹತ್ತಿರ ನಿಂತು ಅಪ್ಪನನ್ನು ನೋಡುವುದೇ ಆಗಿತ್ತು. ಕೊನೆಗೊಂದು ದಿನ ಅವಳು, "ನಂಗೆ ಅಪ್ಪ ಬೇಕು, ಬೇರೆ ಯಾರೂ ಬೇಡ!" ಎಂದು ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

ಅದಕ್ಕೇ ಅಪ್ಪ ಸವಾಯಿ ದ್ವೀಪದ ಕಡಲ ದಂಡೆಯಲ್ಲಿ ಈ ಫಾಲೆ ಬಾಡಿಗೆಗೆ ಹಿಡಿದಿದ್ದ. ರಜೆ, ಬರೀ ನಾವು ನಾಲ್ಕೇ ಜನ ಅಂದಿದ್ದ.

ತೊಂದರೆ ಏನೆಂದರೆ, ಇದೇ ಊರಲ್ಲಿ ಅಪ್ಪನ ಅಕ್ಕ ಸಲೋತೆ ಅತ್ತೆಯ ಮನೆ. ಒಡಹುಟ್ಟಿದ ತಮ್ಮನೇ ಊರಿಗೆ ಬಂದು, ದುಡ್ಡು ಕೊಟ್ಟು ಬೇರೆಯವರ ಸೂರಿನಡಿ ಮಲಗಿದ ಎಂದು ಗೊತ್ತಾದರೆ ಅತ್ತೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ.

"ಬೇರೆ ಊರಿಗೆ ಹೋಗ್ಬಹುದಿತ್ತಲ್ಲಪ್ಪಾ?"

"ಆ ಕಡೆ ಹೋದ್ರೆ ನಿಮ್ಮಮ್ಮನ ತಂಗೀರು ಐದು ಜನ. ಈ ಕಡೆ ಹೋದ್ರೆ ನನ್ನ ದೊಡ್ಡಪ್ಪಂದಿರು. ಇಲ್ಲಿ ಒಬ್ಬಳೇ ಅಕ್ಕ. ಯೋಚನೆ ಮಾಡಿಯೇ ಬಂದಿದೀನಿ ಕಣೇ."

ಆಮೇಲೆ ಅಪ್ಪನಿಗೆ ಇನ್ನೊಂದು ಉಪಾಯ ಹೊಳೆಯಿತು. ಮಳೆ ಬಂದಾಗ ಇಳಿಬಿಡುವ ತೆಂಗಿನ ಗರಿಯ ಪರದೆಗಳಿದ್ದವಲ್ಲ, ಅವನ್ನೆಲ್ಲ ಸರಸರ ಇಳಿಸಿದ.

"ಸುಡು ಬಿಸಿಲಲ್ಲಿ ಪರದೆ ಯಾರು ಇಳಿಸ್ತಾರ್ರೀ?" ಅಮ್ಮ ಗಾಬರಿಯಾದಳು. "ಒಳಗೆ ಯಾರಿಗೋ ಜೀವ ಹೋಗೋ ಹಾಗಾಗಿದೆ ಅಂದ್ಕೊಳ್ತಾರೆ!"

ಏಳು ತಿಂಗಳು ಬಾಗಿಲು ಹಾಕಿಕೊಳ್ಳುವ ರೂಮಿನಲ್ಲಿದ್ದು ಅಪ್ಪನಿಗೆ ಊರಿನ ಆ ರೂಢಿ ಮರೆತೇ ಹೋಗಿತ್ತು. ನೆನಪಾಗುವಷ್ಟರಲ್ಲಿ ಹೊರಗೆ ಹೆಜ್ಜೆಯ ಸದ್ದು.

"ಯಾರಿಗಮ್ಮಾ ಹುಷಾರಿಲ್ಲ?" ದಾರಿ ಬದಿಯ ಅಂಗಡಿಯ ಹೆಂಗಸಿನ ದನಿ.

ಅಪ್ಪ ಬೆಡ್‌ಶೀಟನ್ನು ತಲೆತುಂಬ ಹೊದ್ದು ಮಲಗಿಬಿಟ್ಟ. ಅಮ್ಮನಿಗೆ ಬೇರೇನೂ ತೋಚಲಿಲ್ಲ. "ಇವ್ರಿಗೆ... ಸ್ವಲ್ಪ ಜ್ವರ," ಎಂದಳು.

ಸ್ವಲ್ಪ ಜ್ವರ ಅಂಗಡಿ ದಾಟುವಾಗ ಭಾರೀ ಜ್ವರವಾಯಿತು, ಚರ್ಚ್ ಮುಟ್ಟುವಾಗ ಕೊನೆಯ ಉಸಿರಾಯಿತು. ಪಾದ್ರಿಗಳು ಓಡೋಡಿ ಬಂದರು. ಅವರ ಹಿಂದೆ ಕಾಣಿಕೆಗೆಂದು ಚಾಪೆ ಹೊತ್ತ ಹೆಂಗಸರು, ಟಿನ್ ಮೀನು ಹಿಡಿದ ಹುಡುಗರು, ಏನೂ ಹಿಡಿಯದ ನಾಯಿಗಳು. ಫಾಲೆ ತುಂಬಿಹೋಯಿತು.

ಪಾದ್ರಿಗಳು ಪ್ರಾರ್ಥನೆ ಶುರು ಮಾಡಿದರು. ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ.

"ಅಪ್ಪಂಗೆ ಏನೂ ಆಗಿಲ್ಲ. ಕಣ್ಣಾಮುಚ್ಚಾಲೆ ಆಡ್ತಿದಾರೆ," ಎಂದ ಪೆನಿ.

"ಅಯ್ಯೋ ಕಂದಾ, ಏನೂ ಅರಿಯದ ಮಗು!" ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಬೆಡ್‌ಶೀಟಿನ ಒಳಗಿಂದ ಒಂದು ದೊಡ್ಡ ಸೀನು ಬಂತು.

"ಇನ್ನೂ ಜೀವ ಇದೆ!" ಎಂದು ಯಾರೋ ಕೂಗಿದರು. ಪಾದ್ರಿಗಳು ಇನ್ನಷ್ಟು ಜೋರಾಗಿ ಪ್ರಾರ್ಥಿಸಿದರು.

ಅಷ್ಟರಲ್ಲಿ ಸಲೋತೆ ಅತ್ತೆಯೂ ಬಂದಳು. ಹಿಂದೆ ಇಬ್ಬರು ಹುಡುಗರು ಸುಟ್ಟ ಹಂದಿಯನ್ನು ಹೊತ್ತಿದ್ದರು. "ಯಾರೋ ಪರವೂರಿನವರಂತೆ. ಇಲ್ಲಿ ಅವರಿಗೆ ಸ್ವಂತದವರು ಯಾರೂ ಇಲ್ವಂತೆ. ಪಾಪ, ಹಾಗೆಲ್ಲ ಬಿಡೋಕಾಗುತ್ತಾ?" ಎನ್ನುತ್ತಾ ಅಪ್ಪನ ಕಾಲ ಬಳಿ ಕೂತಳು.

ತಿರೇಸಾ ಅಮ್ಮನ ಹಿಂದೆ ಸರಿದಳು. ಬೆಡ್‌ಶೀಟು ಚಿಕ್ಕದು. ಅಪ್ಪನ ಕಾಲು ಹೊರಗಿತ್ತು. ಅತ್ತೆ ಅದನ್ನೇ ನೋಡಿದಳು. ಸೊಟ್ಟಗಿದ್ದ ಹೆಬ್ಬೆರಳನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ಈ ಕಾಲು ತೊಳೆದು ತೊಳೆದು ಬೆಳೆಸಿದ್ದು ನಾನು," ಎಂದವಳೇ ಬೆಡ್‌ಶೀಟ್ ಎಳೆದಳು.

ಅಪ್ಪ ಹಲ್ಲು ಕಿರಿದ. "ಅಕ್ಕಾ... ಚೆನ್ನಾಗಿದೀಯಾ?"

ಅತ್ತೆ ಚಪ್ಪಲಿ ಕೈಗೆತ್ತಿಕೊಂಡಳು. ಸಾಯುವ ಹಾಗಿದ್ದ ಮನುಷ್ಯ ಎದ್ದು ಫಾಲೆಯ ಸುತ್ತ ಓಡತೊಡಗಿದ.

"ಪ್ರಾರ್ಥನೆ ಫಲಿಸಿತು," ಎಂದರು ಪಾದ್ರಿಗಳು, ಬೆವರು ಒರೆಸಿಕೊಂಡು.

ಓಡಿ ಓಡಿ ಅತ್ತೆಗೆ ಸುಸ್ತಾಯಿತು. ಚಪ್ಪಲಿ ಕೈಯಿಂದ ಜಾರಿತು. "ಯಾಕೋ ತವಿತ? ನಮ್ಮನೆ ಚಿಕ್ಕದಾಯ್ತೇನೋ ನಿಂಗೆ?" ಎಂದು ಕೇಳಿದಳು.

ಅಪ್ಪ ತಲೆ ತಗ್ಗಿಸಿದ. ತಿರೇಸಾಳಿಗೆ ತಡೆಯಲಾಗಲಿಲ್ಲ. "ಅಪ್ಪಂಗೆ ಬೈಬೇಡಿ ಅತ್ತೆ. ನಾನೇ ಹಠ ಮಾಡಿದ್ದು. ನಂಗೆ ಅಪ್ಪ ಸಿಗ್ತಾನೇ ಇರ್ಲಿಲ್ಲ."

ಅತ್ತೆ ಅವಳನ್ನು ತುಂಬ ಹೊತ್ತು ನೋಡಿದಳು. ಹುಡುಗರ ಕಡೆ ತಿರುಗಿ, "ಏನು ನೋಡ್ತಾ ನಿಂತಿದೀರಿ? ಪರದೆ ಎತ್ತಿ, ಎಲೆ ಹಾಕಿ," ಎಂದಳು.

ಕಡಲ ಗಾಳಿ ಒಳಗೆ ಬಂತು. ಹಂದಿ ಮಾಂಸ, ಕೆಸುವಿನ ಗಡ್ಡೆ, ಸುಟ್ಟ ದೀವಿಹಲಸು ಎಲ್ಲವೂ ಎಲೆಗೆ ಬಂದವು. ತಿರೇಸಾ ಅಪ್ಪನ ಪಕ್ಕಕ್ಕೆ ನುಗ್ಗಿ ಅಂಟಿಕೊಂಡು ಕೂತಳು. ಈ ಸಲ ಯಾರು ಬಂದರೂ ಏಳಬಾರದು ಅಂದುಕೊಂಡಳು.

ಅತ್ತೆ ಊಟಕ್ಕೆ ಕೂರಲಿಲ್ಲ. ಅಪ್ಪನ ಎದುರಿಗೆ ಕೂತು ಬೀಸಣಿಗೆಯಿಂದ ಅವನ ಎಲೆಯ ಮೇಲಿನ ನೊಣ ಓಡಿಸುತ್ತಿದ್ದಳು. ಅಪ್ಪ ಪಾದ್ರಿಗಳ ಜೊತೆ ಮಾತಾಡಿ ನಗುತ್ತಿದ್ದ. ಅತ್ತೆಯ ಕಣ್ಣು ಮಾತ್ರ ಅಪ್ಪನ ಮುಖ ಬಿಟ್ಟು ಅಲ್ಲಾಡಲಿಲ್ಲ. ಅವನ ಕಿವಿಯ ಬಳಿಯ ಬಿಳಿ ಕೂದಲನ್ನು ನೋಡಿದಳು, ಒಡೆದ ಬೆರಳುಗಳನ್ನು ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಇನ್ಯಾರೋ ಅಪ್ಪನನ್ನು ಮಾತಿಗೆಳೆದರು. ಅತ್ತೆ ಮತ್ತೆ ನೊಣ ಓಡಿಸತೊಡಗಿದಳು.

ತಿರೇಸಾಳ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಪಿಯಾದ ಮನೆಯ ಬಾಗಿಲ ಹತ್ತಿರ ನಿಂತು ತಾನೂ ಹೀಗೇ ನೋಡುತ್ತಿದ್ದೆನಲ್ಲ ಅನ್ನಿಸಿತು.

ಅವಳು ಕೈ ಒರೆಸಿಕೊಂಡು ಎದ್ದಳು.

"ಅತ್ತೆ, ಬೀಸಣಿಗೆ ಇಲ್ಲಿ ಕೊಡಿ."

"ಯಾಕೇ? ನೀನು ಊಟ ಮಾಡು."

"ನಂದಾಯ್ತು. ನೀವು ಅಪ್ಪನ ಪಕ್ಕ ಕೂತ್ಕೊಳ್ಳಿ."

ಅವಳ ಎಲೆಯಲ್ಲಿ ಅರ್ಧ ಊಟ ಹಾಗೇ ಇತ್ತು. ಅತ್ತೆ ಆ ಎಲೆಯನ್ನು ನೋಡಿದಳು, ತಿರೇಸಾಳನ್ನು ನೋಡಿದಳು. ಬೀಸಣಿಗೆ ಕೊಟ್ಟು ಹೋಗಿ ಕೂತಳು. ಅಪ್ಪ ಪಾದ್ರಿಗಳ ಮಾತನ್ನು ಅರ್ಧಕ್ಕೇ ಬಿಟ್ಟು ಅಕ್ಕನ ಕಡೆ ತಿರುಗಿದ.

ತಿರೇಸಾ ಇಬ್ಬರಿಗೂ ಗಾಳಿ ತಾಗುವ ಹಾಗೆ ಬೀಸತೊಡಗಿದಳು.