ನಿಮಿಷಕ್ಕೆ ಅರವತ್ತೆರಡು ಪದ

"ಭೀಮಮ್ಮ ಅಂದ್ರ ಯಾರ್ರಿ ಇಲ್ಲಿ?"

ಐದನೇ ತರಗತಿಯ ಬಾಗಿಲಲ್ಲಿ ನಿಂತ ಅಪರಿಚಿತನ ಕೊರಳಲ್ಲಿ ಇಯರ್‌ಫೋನ್ ಜೋತಾಡುತ್ತಿತ್ತು. ಮುಖದ ತುಂಬ ಹಬ್ಬದ ಕಳೆ.

ಪಾಠ ಮಾಡುತ್ತಿದ್ದ ಸುಕನ್ಯಾ ಟೀಚರ್ ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯಿತು.

"ನಾ ನಾಗಭೂಷಣ ಅಂತ, ಹೊಸಪೇಟೆಯಿಂದ ಬಂದೀನ್ರಿ. ಟ್ಯಾಬಿನೊಳಗಿನ ಓದೋ ಆ್ಯಪ್‌ನಿಂದ ಮಕ್ಕಳಿಗೆ ನಿಜವಾಗ್ಲೂ ಉಪಯೋಗ ಆಗೈತೇನು ಅಂತ ಅಳಿಯೋದು ನನ್ನ ಕೆಲಸ. ಮೊದಲನೇ ಅಳತಿ ರೆಕಾರ್ಡಿಂಗ್ ಎಲ್ಲಾ ಕೇಳೀನಿ, ಈಗ ಎರಡನೇ ಅಳತಿಗೆ ಬಂದೀನಿ. ಈ ಭೀಮಮ್ಮನ ಓದು ಐತಲ್ರಿ... ಕಥಿಯೊಳಗ ಗುಬ್ಬಿ ಅತ್ರ ಈಕಿನೂ ಅಳ್ತಾಳ! ನಿಮಿಷಕ್ಕ ಅರವತ್ತೆರಡು ಪದ! ಆಫೀಸಿನವರಿಗೆಲ್ಲಾ ಕರದು ಕರದು ಕೇಳಿಸೀನಿ."

ಅಯ್ಯೋ ಶಿವನೇ... ಅತ್ತಿದ್ದು ನಾನು! ಸುಕನ್ಯಾಳ ಮನಸ್ಸು ಚೀರಿತು.

ಅದು ಆಗಸ್ಟಿನ ಮಾತು. ಕಾಲುವೆಗೆ ನೀರು ಬಂದ ವಾರ. ಕಂಪ್ಲಿಯ ಸುತ್ತ ಎಲ್ಲೆಲ್ಲೂ ಭತ್ತದ ನಾಟಿ. ದೊಡ್ಡವರು ಗದ್ದೆಗಿಳಿದರೆ, ಹನ್ನೆರಡು ಮಕ್ಕಳು ಕೂಸು ಆಡಿಸುತ್ತ ಮನೆಯಲ್ಲೇ ಉಳಿದಿದ್ದರು. ಸಂಜೆಯೊಳಗೆ ಮೂವತ್ತು ಮಕ್ಕಳ ಓದೂ ಟ್ಯಾಬಿನಲ್ಲಿ ದಾಖಲಾಗಬೇಕಿತ್ತು.

"ಹೆಂಗರ ಮಾಡಿ ಮುಗಸವ್ವ," ಎಂದು ಹೆಡ್‌ಮಾಸ್ತರ್ ಉಜ್ಜಿನಪ್ಪ ಕೈತೊಳೆದುಕೊಂಡರು.

ಸುಕನ್ಯಾಳಿಗೋ ಯಾರ ದನಿಯನ್ನಾದರೂ ಅಣಕಿಸಿ ನಗಿಸುವ ಚಾಳಿ. 'ಈ ಯಂತ್ರಕ್ಕ ಕಿವಿ ಐತೋ ಇಲ್ಲೋ ನೋಡೇಬಿಡೂಣು' ಎಂದು ಹನ್ನೆರಡು ಮಕ್ಕಳ ದನಿಯಲ್ಲಿ ತಾನೇ ಓದಿದಳು. ಒಬ್ಬನಿಗೆ ನೆಗಡಿ ತರಿಸಿದಳು, ಇನ್ನೊಬ್ಬನಿಗೆ ಉಗ್ಗು. ಯಂತ್ರ ಹನ್ನೆರಡು ಸಲವೂ "ಶಾಬಾಷ್ ಪುಟ್ಟಾ!" ಎಂದಿತು. ಇಪ್ಪತ್ತೇಳು ವರ್ಷದ ಈ 'ಪುಟ್ಟಿ' ಹೊಟ್ಟೆ ಹಿಡಿದು ನಕ್ಕಳು.

ನಾಳೆ ಅಳಿಸಿದರಾಯಿತು ಎಂದುಕೊಂಡಿದ್ದಳು. ಸಿಗ್ನಲ್ ಸಿಕ್ಕಿದ್ದೇ ತಡ, ಟ್ಯಾಬು ಎಲ್ಲವನ್ನೂ ಹೊಸಪೇಟೆಗೆ ಕಳಿಸಿಬಿಟ್ಟಿತ್ತು!

ಈಗ ನಿಜವಾದ ಭೀಮಮ್ಮ ಎದ್ದು ನಿಂತಳು. ನಾಗಭೂಷಣ ಅಚ್ಚಾದ ಹಾಳೆ ಕೊಟ್ಟು ಗಡಿಯಾರ ಒತ್ತಿದ.

"ಗು... ಗುಬ್... ಗುಬ್ಬಿ..."

ಇಪ್ಪತ್ತೊಂದು ಪದ. ಅವನ ಪೆನ್ನು ಒಂದು ಕ್ಷಣ ತಡೆದು, ಹೆಸರಿನ ಮುಂದೆ 'ಕುಸಿತ' ಎಂದು ಬರೆಯಿತು. ಹುಡುಗಿ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು.

"ಮದ್ಲು ನಾ ಚೊಲೋ ಓದ್ತಿದ್ನೇನ್ರಿ ಸರ್? ಈಗ ದಡ್ಡಿ ಆದ್ನೇನ್ರಿ?" ಅವಳ ಕಣ್ಣಲ್ಲಿ ನೀರು.

"ಇಲ್ಲವ್ವಾ... ನನ್ನ ನೋಡಿ ಹೆದರೀದಿ. ತಪ್ಪು ನಂದು."

ತಪ್ಪು ಯಾರದೆಂದು ಆ ಕೋಣೆಯಲ್ಲಿ ಒಬ್ಬಳಿಗೇ ಗೊತ್ತಿತ್ತು. ಅವಳು ಕಪ್ಪುಹಲಗೆಯ ಕಡೆ ತಿರುಗಿ, ಒರೆಸಿದ್ದನ್ನೇ ಒರೆಸುತ್ತ ನಿಂತಳು.

ನಾಲ್ಕು ದಿನ ಅವನು ಶಾಲೆಗೆ ಬಂದ. ಮಕ್ಕಳ ಸಾಲಿನಲ್ಲಿ ಕೂತು ಬಿಸಿಯೂಟ ಉಂಡ. ಸುಕನ್ಯಾ ಪಾಠ ಮಾಡುವುದನ್ನು ಕಿಟಕಿಯಿಂದ ನೋಡುತ್ತ ಮೈಮರೆತ. ಅವಳಿಗೂ ಅವನ ಬೈಕಿನ ಸದ್ದಿಗೆ ಎದೆ ಹಾರುತ್ತಿತ್ತು... ಆದರೆ ಮುಖ ಎತ್ತಲಾಗುತ್ತಿರಲಿಲ್ಲ.

"ನನ್ನ ಮ್ಯಾಲ ಸಿಟ್ಟೇನ್ರಿ ಟೀಚರ್?"

"ಹಂಗೇನಿಲ್ರಿ."

"ಹನ್ನೆರಡು ಮಕ್ಕಳು ಒಮ್ಮೆಲೇ ಕುಸದಾರ. ಟ್ಯಾಬ್ ಇಲ್ಲದ ಪಕ್ಕದೂರಿನ ಮಕ್ಕಳು ಮುಂದ ಹೋಗ್ಯಾರ. ಶುಕ್ರವಾರ ವರದಿ ಕೊಟ್ಟೆ ಅಂದ್ರ ಇವರು ಹಿಂದುಳಿದವರ ಪಟ್ಟಿ ಸೇರ್ತಾರ. ನಂಗ ನಿದ್ದಿನೇ ಬರವಲ್ದು."

ಈಗ ಹೇಳು... ಹೇಳೇ! ಹನ್ನೆರಡು ದನಿ ತೆಗೆದವಳಿಗೆ ತನ್ನ ದನಿಯೇ ಹೊರಡಲಿಲ್ಲ.

ಶುಕ್ರವಾರ ಮೊದಲ ಬಸ್ಸಿಗೇ ಹೊಸಪೇಟೆಗೆ ಹೊರಟಳು. ಆಫೀಸಿನ ಮೆಟ್ಟಿಲ ಮೇಲೆ ಅವನು ಎದುರಾದ. ಕಣ್ಣು ಮುಚ್ಚಿ, ಭೀಮಮ್ಮನ ದನಿಯಲ್ಲಿ ಗುಬ್ಬಿಯ ಕಥೆ ಶುರುಮಾಡಿದಳು.

ಅವನ ಕೈಯಲ್ಲಿದ್ದ ಫೈಲು ಜಾರಿತು.

"ಹನ್ನೆರಡೂ... ನೀವಾ?"

"ಹೂನ್ರಿ."

"ನಂಗ ಮೋಸ ಆಗಿದ್ದು ಹಾಳಾಗಿ ಹೋಗ್ಲಿ. ಆ ಕೂಸು ಅತ್ತಾಗ ಸುಮ್ಮನ ನಿಂತಿದ್ರಲ್ರಿ!"

ಕೆನ್ನೆಗೆ ಬಾರಿಸಿದಂತಾಯಿತು. "ಅದಕ್ಕ... ಅದಕ್ಕ ಬಂದೀನ್ರಿ. ವರದಿಯೊಳಗ ನನ್ನ ಹೆಸರು ಬರೀರಿ. ಏನು ಶಿಕ್ಷೆ ಬಂದ್ರೂ ಬರ್ಲಿ."

ಅವನು ಜಾರಿದ ಫೈಲು ಎತ್ತಿ, ಹಾಳೆಗಳನ್ನು ಒಂದೊಂದಾಗಿ ಜೋಡಿಸಿದ. ಕೊನೆಗೆ, "ಬರ್ರಿ. ಮದ್ಲು ಆಕಿಗೆ ಹೇಳಬೇಕು," ಎಂದು ಬೈಕು ತೆಗೆದ.

ಮಧ್ಯಾಹ್ನ ತರಗತಿಯಲ್ಲಿ ಸುಕನ್ಯಾ ಹನ್ನೆರಡೂ ರೆಕಾರ್ಡಿಂಗ್ ಹಾಕಿದಳು. ಮಕ್ಕಳು ಪಿಳಿಪಿಳಿ ನೋಡಿದರು. ಅವಳು ಭೀಮಮ್ಮನ ಮುಂದೆ ಮಂಡಿಯೂರಿದಳು.

"ತಪ್ಪಾತು ಭೀಮವ್ವಾ. ಈ ಅರವತ್ತೆರಡು ನನ್ನವು. ಆಗ ನಿನಗ ಅಕ್ಷರ ಕೂಡಸಾಕನೂ ಬರ್ತಿರಲಿಲ್ಲ. ಈಗಿನ ಇಪ್ಪತ್ತೊಂದೂ ನಿನ್ನವಽ. ನೀ ಕುಸದಿಲ್ಲವ್ವಾ... ಏರೀದಿ!"

ನಾಗಭೂಷಣ 'ಕುಸಿತ' ಎಂಬುದನ್ನು ಅವಳ ಕಣ್ಣೆದುರೇ ಹೊಡೆದುಹಾಕಿದ.

ಭೀಮಮ್ಮ ಟ್ಯಾಬಿಗೆ ಇನ್ನೊಮ್ಮೆ ಕಿವಿಗೊಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದಳು. ನಗು ತಡೆಯಲಾಗಲಿಲ್ಲ.

"ಟೀಚರ್, ಒಂದು ಗುಬ್ಬಿಗೆ ಯಾರರ ಇಷ್ಟ್ ಅಳ್ತಾರೇನ್ರಿ!"

ತರಗತಿ ಹೋ ಎಂದಿತು. ಆ ಗದ್ದಲದಲ್ಲಿ ನಾಗಭೂಷಣ ಮೆಲ್ಲಗೆ ಹೇಳಿದ:

"ಇನ್ನ ಮ್ಯಾಲ ಈ ಶಾಲಿ ಅಳತೀಗೆ ಬೇರೆಯವರು ಬರ್ತಾರ್ರಿ."

ಅವಳ ಮುಖ ಬಾಡಿತು. "ನನ್ನ ಮುಖ ನೋಡಾಕೂ ಬ್ಯಾಡಾತೇನ್ರಿ?"

"ಮನಸಿಗೆ ಬಂದವರನ್ನ ನಾವಽ ಅಳೀಬಾರದು ಅಂತ ನಮ್ಮೊಳಗ ನೇಮ ಐತ್ರಿ."

"ಯಾರು ಬಂದಾರ್ರಿ... ಮನಸಿಗೆ?"

"ಇವತ್ತು ಮೊದಲ ಬಸ್ಸಿಗೆ ಬಂದಾಕಿ."

ಸುಕನ್ಯಾ ಐದು ದಿನದಲ್ಲಿ ಮೊದಲ ಸಲ ಅವನ ಕಣ್ಣನ್ನು ನೇರ ನೋಡಿದಳು. ಏನೋ ಮೆಲ್ಲಗೆ ಅಂದಳು... ಭೀಮಮ್ಮನ ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವನಿಗೊಬ್ಬನಿಗೆ ಕೇಳಿಸಿತು.