ಪಾದ್ರಿ ಕೂಗದ ಹೆಸರು

"ಈ ಕಾಲರು ಸುಟ್ಟವಳು ಯಾರು?"

ಚಿಲಿ ದೇಶದ ವಾಲ್ಪರೈಸೋ ಬಂದರಿನ ಮೇಲಿನ ಗುಡ್ಡ. ಇಸ್ತ್ರಿ ಅಂಗಡಿಯ ಬಾಗಿಲಲ್ಲಿ ಹಡಗು ಸಾಹುಕಾರರ ಮಗ ಲಿಸಾಂದ್ರೋ ಕೆರಳಿ ನಿಂತಿದ್ದ.

"ನಾನೇ. ಬೈಯೋದಾದ್ರೆ ಬೇಗ ಬೈದು ಹೋಗಿ, ಕೆಂಡ ಆರ್ತಾ ಇದೆ!" ಎಂದಳು ಎತೆಲ್ವಿನಾ.

ಬೈಯಲು ಬಂದವನು ನಕ್ಕುಬಿಟ್ಟ. ಆಮೇಲೆ ವಾರಕ್ಕೆರಡು ಸಲ ಕಾಲರುಗಳ ಗಂಟನ್ನು ತಾನೇ ಹೊತ್ತು ಬರತೊಡಗಿದ. ಮನೆ ತುಂಬ ಆಳುಗಳಿದ್ದವನು!

ವರ್ಷ ತುಂಬುವುದರೊಳಗೆ ಒಂದು ಶನಿವಾರಕ್ಕೆ ಮದುವೆಯೂ ಗೊತ್ತಾಯಿತು. ಅದಕ್ಕೆ ಮುಂಚೆ ಮೂರು ಭಾನುವಾರ ಇಗರ್ಜಿಯಲ್ಲಿ ಪಾದ್ರಿ ಗಂಡು ಹೆಣ್ಣಿನ ಹೆಸರು ಕೂಗಬೇಕು. ಅಡ್ಡಿ ಇದ್ದವರು ಎದ್ದು ಹೇಳಬೇಕು.

ಮೊದಲ ಭಾನುವಾರ ಎತೆಲ್ವಿನಾ ಒಗೆದ ಲಂಗ ಉಟ್ಟು ಮುಂದೆ ಕೂತಳು. ಮೀನುಗಾರನ ಮಗಳ ಹೆಸರು ಬಂತು, ಬಡಗಿಯದು ಬಂತು. ಅವಳದು ಬರಲಿಲ್ಲ. ಎರಡನೆಯ ಭಾನುವಾರವೂ ಇಲ್ಲ... ಮೂರನೆಯದೂ ಇಲ್ಲ!

"ಬಯಾಸ್ಕೋಪಲ್ಲಿ ನೋಡ್ಲಿಲ್ವೇನೆ?" ಜೊತೆಯಲ್ಲಿ ಇಸ್ತ್ರಿ ಮಾಡುವ ಸುನಿಲ್ದಾ ಚುಚ್ಚಿದಳು. "ಮುದ್ದು ಮಾಡೋಕೆ ಬಡವಿ, ಮನೆ ತುಂಬಿಸೋಕೆ ಸಾಹುಕಾರನ ಮಗಳು. ಮಾತಿಲ್ಲದ ಚಿತ್ರ, ಆದ್ರೂ ನಂಗೆ ಅರ್ಥ ಆಯ್ತಮ್ಮ!"

ಲಿಸಾಂದ್ರೋನನ್ನು ಕೇಳಿದರೆ, "ಎಲ್ಲಾ ಆಗಿದೆ, ಶನಿವಾರ ಬಾ ಸಾಕು" ಅನ್ನುತ್ತಿದ್ದ.

'ಏನು ಆಗಿದೆ? ಎದ್ದು ಅಡ್ಡಿ ಹೇಳುವವಳು ಯಾರೋ ಇದ್ದಾಳೆ... ಅದಕ್ಕೇ ನನ್ನ ಹೆಸರು ಮುಚ್ಚಿಟ್ಟಿದ್ದಾನೆ!'

ಅನುಮಾನಕ್ಕೆ ನಿದ್ದೆಯಿಲ್ಲ. ಅವಳಿಗೂ ಇರಲಿಲ್ಲ. ಗುರುವಾರ ಅವನ ಮನೆಯ ಮುಂಬಾಗಿಲಿಂದಲೇ ಒಳಗೆ ನಡೆದಳು.

"ನನ್ನ ಹೆಸರು ಹೇಳಿಸೋಕೆ ನಾಚಿಕೆನಾ? ಇಲ್ಲಾ ಇನ್ನೊಬ್ಬಳು ಇದ್ದಾಳಾ? ಈಗಲೇ ಹೇಳಿ. ಇಲ್ದಿದ್ರೆ ಶನಿವಾರ ನಾನು ಬರಲ್ಲ!"

ಅವನು ಕಕ್ಕಾಬಿಕ್ಕಿಯಾದ. ಮೊಹರು ಒತ್ತಿದ ಕಾಗದ ತಂದು ತೋರಿಸಿದ.

"ಬಿಷಪ್ಪರ ಅಪ್ಪಣೆ ಕಣೆ, ಕೂಗೋದು ಬೇಡ ಅಂತ. ನಮ್ಮ ಮನೆತನದಲ್ಲಿ ಯಾರ ಹೆಸರೂ ಕೂಗಿಸಿಲ್ಲ. ನಿನಗೂ ಅದೇ ಮರ್ಯಾದೆ ಇರಲಿ ಅಂತ..."

"ಮರ್ಯಾದೆನಾ? ನಮ್ಮ ಗುಡ್ಡದಲ್ಲಿ ಹೆಸರು ಕೂಗದಿದ್ರೆ ಹೆಣ್ಣಿಗೆ ಹೊಟ್ಟೆ ಬಂದಿದೆ ಅಂತಾರೆ, ಇಲ್ಲಾ ಗಂಡು ಕಳ್ಳ ಅಂತಾರೆ!"

ಅವನ ಮುಖ ಬಿಳುಚಿತು. ಕಾಗದವನ್ನು ಮಡಚಿ ಪಕ್ಕಕ್ಕಿಟ್ಟ.

"ಹಾಗಾದ್ರೆ ಶನಿವಾರ ಬೇಡ. ಕೂಗಿಸಿಯೇ ಮದುವೆ ಆಗೋಣ."

"ಕರೆಯೋಲೆ ಹಂಚಿಯಾಗಿದೆ!" ಒಳಗಿನಿಂದ ತಾಯಿ ಚೀರಿದರು. "ಊರೆಲ್ಲ ನಗುತ್ತೆ!"

"ನಗಲಿ ಬಿಡಮ್ಮ."

ಆ ಭಾನುವಾರ ಗುಡ್ಡದ ಇಗರ್ಜಿಯಲ್ಲಿ, ಮೀನು ಮಾರುವವರ ನಡುವೆ ಇಕ್ಕಟ್ಟಾಗಿ ಕೂತ ಲಿಸಾಂದ್ರೋ. ಪಾದ್ರಿ ಇಬ್ಬರ ಹೆಸರನ್ನೂ ಕೂಗಿ, ಅಡ್ಡಿ ಇದೆಯೇ ಎಂದು ಕೇಳಿದರು.

ಸುನಿಲ್ದಾ ಗಂಟಲು ಕೆರೆದಳು. ಇಡೀ ಇಗರ್ಜಿ ತಿರುಗಿ ನೋಡಿತು!

"ಕೆಮ್ಮು ಸ್ವಾಮಿ, ಬರೀ ಕೆಮ್ಮು!"

ಪಕ್ಕದಲ್ಲಿ ಕೂತಿದ್ದ ಎತೆಲ್ವಿನಾ ಲಿಸಾಂದ್ರೋನ ಕೈ ಹಿಡಿದಳು. ಬೆವರಿ ತಣ್ಣಗಾಗಿತ್ತು.

"ಭಯ ಆಯ್ತಾ?"

"ಜೀವವೇ ಹೋಗಿತ್ತು... ಮೂರು ವಾರ ನೀನು ಹೀಗೇ ಕೂತಿದ್ಯಾ?"

"ಹ್ಞೂಂ. ಒಬ್ಬಳೇ."

"ಇನ್ನು ಒಬ್ಬಳೇ ಕೂರಿಸಲ್ಲ," ಎಂದ ಅವನು, ಕೈ ಬಿಡದೆ.