ಹತ್ತು ನಿಮಿಷ, ಮೇಡಂ

ಮುಖ ನೋಡುವ ಮೊದಲೇ ನಾನು ಆ ದನಿಯನ್ನು ಗುರುತಿಸಿಬಿಟ್ಟೆ.

"ಮೇಡಂ, ಈ ಪ್ರೊಸೆಸರ್ ಹಾಕಿಸ್ಬೇಕಿತ್ತು."

ಅಷ್ಟೇ ಹೇಳಿದ್ದು. ಕಂಕುಳಲ್ಲಿ ಸಿಪಿಯು, ಇನ್ನೊಂದು ಕೈಯಲ್ಲಿ ಸೀಲ್ ಒಡೆಯದ ಪುಟ್ಟ ಡಬ್ಬಿ. ಇಸ್ತ್ರಿ ಮಾಡಿದ ನೀಲಿ ಅಂಗಿ. ಸೋಮವಾರಪೇಟೆಯ ಸಂತೆಯ ಜನರ ನಡುವೆ ಅದನ್ನೆಲ್ಲ ಹೊತ್ತು ತಂದದ್ದಕ್ಕೆ ಹಣೆಯಲ್ಲಿ ಬೆವರು. ಕಣ್ಣು ಮಾತ್ರ ನನ್ನನ್ನು ಬಿಟ್ಟು ನನ್ನ ಕಂಪ್ಯೂಟರ್ ಅಂಗಡಿಯ ಎಲ್ಲ ಮೂಲೆಗಳನ್ನೂ ನೋಡುತ್ತಿತ್ತು.

ಈ ದನಿ ನನಗೆ ಎರಡು ವರ್ಷದಿಂದ ಗೊತ್ತು. ನಮ್ಮ ಬೀದಿಯಲ್ಲಿ ಕರೆಂಟ್ ಹೋದಾಗಲೆಲ್ಲ ಸಬ್‌ಸ್ಟೇಷನ್‌ಗೆ ಫೋನ್ ಮಾಡುವ ಕೆಲಸ ನನ್ನದು. ಬೇರೆಯವರು ಮಾಡಿದರೆ ಎಂಗೇಜ್ ಬರುತ್ತದೆ, ಶಾಂಭವಿ ಮಾಡಿದರೆ ತಕ್ಷಣ ಎತ್ತುತ್ತಾರೆ ಎಂದು ಪಕ್ಕದ ಟೈಲರ್ ಶಕುಂತಲಮ್ಮ ಕಂಡುಹಿಡಿದಿದ್ದರು. "ಹತ್ತು ನಿಮಿಷ, ಮೇಡಂ, ಬರುತ್ತೆ" ಎನ್ನುತ್ತಿತ್ತು ಆ ದನಿ. ಹೇಳಿದ ಹಾಗೇ ಬರುತ್ತಲೂ ಇತ್ತು. ಆಮೇಲಾಮೇಲೆ ಕರೆಂಟ್ ಬಂದ ಮೇಲೂ ನಾವು ಫೋನ್ ಇಡುತ್ತಿರಲಿಲ್ಲ. ಹೆಸರು ಗಿರಿ, ಟೀಗೆ ಸಕ್ಕರೆ ಕಡಿಮೆ, ಸಿನಿಮಾ ನೋಡುತ್ತಾ ಅಳುತ್ತಾನೆ, ಎಲ್ಲ ಗೊತ್ತಾಯಿತು. ಅಂಗಡಿಗೆ ಬನ್ನಿ ಎಂದರೆ ಮಾತ್ರ "ಡ್ಯೂಟಿ ಇದೆ ಮೇಡಂ" ಎಂದು ಜಾರಿಕೊಳ್ಳುತ್ತಿದ್ದ.

ಹೋದ ವಾರ ಅದೇ ದನಿ ಹೇಳಿತ್ತು: "ಕೇರಳದ ಗಡಿ ಹತ್ರ, ಕರಿಕೆ ಕಡೆಗೆ ಟ್ರಾನ್ಸ್‌ಫರ್ ಆಗಿದೆ ಮೇಡಂ. ಬುಧವಾರ ಹೋಗ್ಬೇಕು."

"ಓ, ಒಳ್ಳೇದಾಯ್ತು" ಎಂದು ಫೋನ್ ಇಟ್ಟು, ಆ ಸಂಜೆ ಬಂದ ಗಿರಾಕಿಗಳ ಮೇಲೆಲ್ಲ ರೇಗಿದ್ದೆ. ನನಗೆ ಅವನು ಬೇಕಾಗಿತ್ತು. ಆ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನೇ ಹೇಳಬಹುದಿತ್ತು. ಆದರೆ ಮುಖ ತೋರಿಸಲೂ ಹೆದರುವವನಿಗೆ ಹೇಳಿ ಏನು ಪ್ರಯೋಜನ? ಅವನ ಬಾಯಿಂದಲೇ ಒಂದು ಮಾತು ಬರಬೇಕಿತ್ತು, ಅದೂ ಬುಧವಾರದೊಳಗೆ.

ಈಗ ನೋಡಿದರೆ ಎದುರಿಗೇ ನಿಂತಿದ್ದಾನೆ. ನನಗೆ ಗುರುತು ಸಿಕ್ಕಿಲ್ಲ ಎಂದುಕೊಂಡಿದ್ದಾನೆ. ಸರಿ, ನಾನೂ ಸಿಗದವಳ ಹಾಗೇ ಇದ್ದೆ.

"ಯಾತಕ್ಕೆ ಹೊಸ ಪ್ರೊಸೆಸರ್?"

"ಅದು... ವಿಡಿಯೋ ಎಡಿಟಿಂಗ್."

"ಯಾವ ಸಾಫ್ಟ್‌ವೇರ್?"

ಕಿವಿ ಕೆಂಪಾಯಿತು. "ವಿಡಿಯೋದ್ದೇ, ಮೇಡಂ."

ನಗು ನುಂಗಿಕೊಂಡು ಮುಚ್ಚಳ ಬಿಚ್ಚಿದೆ. ಒಳಗೆ ಧೂಳೂ ಇರಲಿಲ್ಲ. ಆನ್ ಮಾಡಿದರೆ ಒಂದಿಷ್ಟು ಹಳೆಯ ಹಾಡು, ಒಂದು ಚೆಸ್ ಆಟ, ಅಷ್ಟೇ. ಸುಮ್ಮನೆ ಹಾಕಿಕೊಟ್ಟು ಕಳಿಸಬಹುದಿತ್ತು. ಆದರೆ ಗಿರಾಕಿಗೆ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ, ಗಿರಾಕಿ ಇವನೇ ಆದರೂ.

"ನೋಡಿ, ನಿಮ್ಮ ಕೆಲಸಕ್ಕೆ ಇದು ಬೇಕಾಗೇ ಇಲ್ಲ. ಸೀಲ್ ಒಡ್ದಿಲ್ಲ, ವಾಪಸ್ ಕೊಟ್ಬಿಡಿ."

ಮುಖ ಸಣ್ಣದಾಯಿತು. "ಇಲ್ಲ ಮೇಡಂ. ಹಾಕ್ಲೇಬೇಕು."

"ಹಾಕೋದಾದ್ರೆ ಮೊದ್ಲು ಬಯಾಸ್, ಅಂದ್ರೆ ಬೋರ್ಡ್ ಒಳಗಿನ ಮೂಲ ಪ್ರೋಗ್ರಾಂ, ಅಪ್‌ಡೇಟ್ ಮಾಡ್ಬೇಕು. ನಿಮ್ಮ ಬೋರ್ಡ್ ಹಳೇದು. ಅದು ಬಂದಾಗ ಈ ಪ್ರೊಸೆಸರ್ ಹುಟ್ಟೇ ಇರ್ಲಿಲ್ಲ. ಹಾಗೇ ಹಾಕಿದ್ರೆ ಅದಕ್ಕೆ ಗುರುತೇ ಸಿಗಲ್ಲ, ಸ್ಕ್ರೀನ್ ಕಪ್ಪಾಗಿ ಕೂತ್ಬಿಡುತ್ತೆ."

"ಅಪ್‌ಡೇಟ್ ಆಗ್ತಿರುವಾಗ ಕರೆಂಟ್ ಹೋದ್ರೆ?"

"ಬೋರ್ಡೇ ಹೋಗುತ್ತೆ. ಶುರು ಮಾಡಿದ್ಮೇಲೆ ಮಧ್ಯದಲ್ಲಿ ನಿಲ್ಸೋ ಹಾಗಿಲ್ಲ."

"ಹಾಗಾದ್ರೆ ಅಪ್‌ಡೇಟ್ ಬೇಡ. ಹಾಗೇ ಹಾಕಿ ನೋಡಿ."

ಅವನ ಭಯ ಸುಳ್ಳಲ್ಲ. ಮುಂಗಾರಿಗೆ ಮೊದಲು ಲೈನಿನ ಮೇಲೆ ಬಾಗಿದ ಸಿಲ್ವರ್ ಓಕ್ ಕೊಂಬೆಗಳನ್ನು ಕಡಿಯುವ ಕಾಲ, ಕರೆಂಟ್ ಯಾವಾಗ ತೆಗೆಯುತ್ತಾರೋ ಗೊತ್ತಿಲ್ಲ. ಆದರೆ ನನ್ನ ಮೇಜಿನ ಕೆಳಗೆ ಹೊಸ ಬ್ಯಾಟರಿ ಹಾಕಿದ ಯುಪಿಎಸ್ ಇತ್ತು. ಕರೆಂಟ್ ಹೋದರೂ ಒಂದು ಅಪ್‌ಡೇಟನ್ನು ಆರಾಮಾಗಿ ಮುಗಿಸಿಕೊಡುತ್ತದೆ. ಕರೆಂಟ್ ಹೋದಾಗ ಅದು ಮಾಡುವ ಕೀಂ ಕೀಂ ಸದ್ದು ನನಗಾಗದೆ, ತಂದ ದಿನವೇ ಬಾಯಿ ಮುಚ್ಚಿಸಿದ್ದೆ. ಇದನ್ನೆಲ್ಲ ಅವನಿಗೆ ಯಾಕೆ ಹೇಳಲಿ?

"ಸಬ್‌ಸ್ಟೇಷನ್‌ನಲ್ಲೇ ಕೇಳೋಣ ತಡೀರಿ" ಎಂದು ಫೋನ್ ಎತ್ತಿಕೊಂಡೆ. "ಅಲ್ಲೊಬ್ರು ಇದಾರೆ. ದನಿ ಚೆನ್ನಾಗಿದೆ. ಮುಖ ಹೇಗಿದೆಯೋ ಪಾಪ, ಇವತ್ತಿನವರೆಗೂ ತೋರ್ಸಿಲ್ಲ."

ಅವನು ಡಬ್ಬಿಯನ್ನು ಅಂಗೈಯಲ್ಲಿ ತಿರುಗಿಸತೊಡಗಿದ. "ಅವ್ರು ಇವತ್ತು... ರಜ ಇರ್ಬಹುದು."

"ನಿಮಗೆ ಹೇಗೆ ಗೊತ್ತು?"

ನಾನು ಫೋನ್ ಕೆಳಗಿಟ್ಟೆ.

"ಗಿರಿಯವರೇ, ನೀವೇ ಹೇಳಿ. ಈಗ ಕರೆಂಟ್ ಹೋಗುತ್ತಾ?"

ಆಗ ಅವನು ಮೊದಲ ಸಲ ನನ್ನನ್ನು ನೇರವಾಗಿ ನೋಡಿ, ಸಿಕ್ಕಿಬಿದ್ದವನ ಹಾಗೆ ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುವುದು ಫೋನಿನಲ್ಲಿ ನನಗೆ ಗೊತ್ತಾಗಿರಲಿಲ್ಲ. ಇಷ್ಟು ಹೊತ್ತು ಆಟ ಆಡಿಸುತ್ತಿದ್ದ ನನ್ನ ಎದೆಯೇ ಡವಗುಟ್ಟಿತು.

"ಯಾವಾಗ ಗೊತ್ತಾಯ್ತು?"

"ಮೇಡಂ ಅಂದಾಗ್ಲೇ."

ಅವನು ಕತ್ತು ಕೆರೆದುಕೊಂಡ. "ಮೂರು ಗಂಟೆಗೆ ಕೊಂಬೆ ಕಡಿಯೋಕೆ ಲೈನ್ ಆಫ್ ಮಾಡ್ತಾರೆ. ಅಲ್ಲಿವರೆಗೂ ಹೋಗಲ್ಲ. ನನ್ನ ಮಾತು ನಂಬಿ."

"ನಿಮ್ಮ ಮಾತು ನಾನು ಯಾವತ್ತು ನಂಬಿಲ್ಲ?"

ಪೆನ್‌ಡ್ರೈವ್ ಹಾಕಿದೆ. ಬೋರ್ಡಿನ ಮಾಡೆಲ್ ಇನ್ನೊಮ್ಮೆ ಸರಿನೋಡಿ ಎಂಟರ್ ಒತ್ತಿದೆ. ಸ್ಕ್ರೀನಿನಲ್ಲಿ ಗೆರೆ ನಿಧಾನಕ್ಕೆ ತುಂಬತೊಡಗಿತು. ಅವನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕುಳಿತ. ನಮ್ಮಿಬ್ಬರ ಮೊಣಕೈಗಳ ನಡುವೆ ಒಂದು ಸ್ಕ್ರೂಡ್ರೈವರ್ ಮಾತ್ರ ಇತ್ತು. ಅದನ್ನು ನಾನು ಮೆಲ್ಲಗೆ ತೆಗೆದು ಆಚೆ ಇಟ್ಟೆ.

"ಏನಾದ್ರೂ ಹೇಳೋದಿತ್ತಾ?"

"ಹೂಂ, ಇತ್ತು." ನನ್ನ ಮುಖ ನೋಡಿದ. ಮಾತು ಅಲ್ಲೇ ನಿಂತಿತು. "ಈ ವರ್ಷ ಬಿಸಿಲು ಜಾಸ್ತಿ ಅಲ್ವಾ?"

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಆಗಲೇ ಫ್ಯಾನ್ ನಿಂತಿತು. ಟ್ಯೂಬ್‌ಲೈಟ್ ಆರಿತು.

ಗಿರಿ ದಡಕ್ಕನೆ ಎದ್ದು ಬಾಗಿಲಿಗೆ ಓಡಿದ. ಕರೆಂಟ್ ಹೋದರೆ ಅವನಂಥ ಕೆಲಸ ಮಾಡುವವರ ಕಣ್ಣು ಹೋಗುವುದು ಕಂಬದ ಕಡೆಗೆ, ಕಂಪ್ಯೂಟರ್ ಕಡೆಗಲ್ಲ.

"ಬೇಗ ಊಟ ಮುಗ್ಸಿ ಶುರು ಮಾಡ್ಬಿಟ್ಟಿದಾರೆ ಮೇಡಂ! ಛೆ, ನನ್ನ ಮಾತು ಕೇಳಿ ಬೋರ್ಡ್ ಹೋಯ್ತಲ್ಲ."

ನನ್ನ ಮುಂದೆ ಸ್ಕ್ರೀನ್ ಬೆಳಗುತ್ತಲೇ ಇತ್ತು, ಗೆರೆ ಅರ್ಧ ದಾಟಿತ್ತು. ಹೇಳಿಬಿಡೋಣ ಎಂದುಕೊಂಡೆ. ಆದರೆ ಅವನು ನನಗೆ ಬೆನ್ನು ಹಾಕಿ ನಿಂತಿದ್ದ. ನನ್ನ ಮುಖ ಕಾಣದೇ ಹೋದದ್ದೇ ತಡ, ದನಿ ಫೋನಿನ ದನಿಯಾಗಿತ್ತು. ನಾನು ತುಟಿ ಬಿಚ್ಚಲಿಲ್ಲ.

"ಹೋಗ್ಲಿ ಬಿಡಿ" ಎಂದ, ಬೀದಿ ನೋಡುತ್ತಲೇ. "ನಂಗೆ ಕಂಪ್ಯೂಟರೂ ಬೇಡ, ಪ್ರೊಸೆಸರೂ ಬೇಡ. ಇಲ್ಲಿಗೆ ಬರೋಕೆ ಒಂದು ನೆಪ ಬೇಕಿತ್ತು, ತಗೊಂಡೆ. ಕರಿಕೆಗೆ ಹೋದ್ರೆ ಅಲ್ಲೂ ಜನ ಫೋನ್ ಮಾಡ್ತಾರೆ. ನೀವು ಮಾಡಲ್ಲ. ಅದನ್ನ ತಡ್ಕೊಳ್ಳೋಕೆ ನನ್ ಕೈಲಿ ಆಗಲ್ಲ. ನಿಮ್ಮನ್ನ ನೋಡದೇನೇ ಇಷ್ಟಪಟ್ಟೆ. ನೋಡಿದ್ರೆ ಮಾತೇ ಹೊರಡಲ್ಲ ಅಂತ ಗೊತ್ತಿತ್ತು, ಅದಕ್ಕೇ ಬರ್ಲಿಲ್ಲ. ಆದ್ರೆ ಮದುವೆ ಆಗ್ತೀರಾ ಅಂತ ಫೋನಲ್ಲಿ ಕೇಳ್ಬಾರ್ದು ಅನ್ನಿಸ್ತು."

ನನ್ನ ಕಣ್ಣು ತುಂಬಿತು. ಅಷ್ಟು ಖುಷಿಯಾಗಿತ್ತು.

"ಗಿರಿಯವರೇ, ಸ್ವಲ್ಪ ಈ ಕಡೆ ತಿರುಗಿ."

ತಿರುಗಿದ. ಸ್ಕ್ರೀನ್ ನೋಡಿದ. ನನ್ನನ್ನು ನೋಡಿದ. ನಾನು ಮೇಜಿನ ಕೆಳಗಿನ ಪೆಟ್ಟಿಗೆ ತೋರಿಸಿದೆ.

"ಯುಪಿಎಸ್ ಇತ್ತಾ!"

"ಕಂಪ್ಯೂಟರ್ ಅಂಗಡಿ ಕಣ್ರೀ ಇದು. ನಿಮ್ಮ ಕರೆಂಟ್ ನಂಬ್ಕೊಂಡು ಬಯಾಸ್‌ಗೆ ಕೈ ಹಾಕ್ತೀನಾ?"

"ಮತ್ತೆ ನನ್ ಮಾತು ನಂಬ್ತೀನಿ ಅಂದ್ರಿ?"

"ಈಗ ಹೇಳಿದ್ರಲ್ಲ, ಅದನ್ನ ಪೂರ್ತಿ ನಂಬಿದೀನಿ."

ಅಪ್‌ಡೇಟ್ ಮುಗಿದು ಕಂಪ್ಯೂಟರ್ ಮತ್ತೆ ಆನ್ ಆಯಿತು. ನಾನು ಅದನ್ನು ಆಫ್ ಮಾಡಿ, ಮುಚ್ಚಳ ಹಾಕಿ, ಪ್ರೊಸೆಸರ್ ಡಬ್ಬಿಯನ್ನು ನನ್ನ ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿದೆ.

"ಅದು ಹಾಕಲ್ವಾ?"

"ಬೋರ್ಡ್ ರೆಡಿಯಾಗಿದೆ. ಮುಂದಿನ ಸಂತೆ ದಿನ ಬಂದು ಹಾಕಿಸ್ಕೊಳ್ಳಿ."

"ಕರಿಕೆಯಿಂದ ಇಷ್ಟಕ್ಕೇ ಬರ್ಬೇಕಾ?"

"ಇಷ್ಟಕ್ಕೇ ಯಾಕೆ? ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ. ಆಮೇಲೆ ನಮ್ಮನೆಗೆ ಹೋಗೋಣ. ನಮ್ಮಮ್ಮಂಗೆ ಇವತ್ತೇ ಹೇಳ್ತೀನಿ."

ಕೆನ್ನೆಯ ಗುಳಿ ಮತ್ತೆ ಬಿತ್ತು. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ.

ಅಷ್ಟರಲ್ಲಿ ಪಕ್ಕದ ಅಂಗಡಿಯಿಂದ ಶಕುಂತಲಮ್ಮನ ಕೂಗು ಕೇಳಿಸಿತು. "ಶಾಂಭವೀ, ಸಬ್‌ಸ್ಟೇಷನ್‌ಗೊಂದು ಫೋನ್ ಹಾಕಮ್ಮಾ! ಕರೆಂಟ್ ಯಾವಾಗ ಬರುತ್ತಂತೆ?"

ಫೋನ್ ಮೇಜಿನ ಮೇಲೇ ಇತ್ತು. ನಾನು ಮುಟ್ಟಲಿಲ್ಲ. ಎದುರಿಗೆ ನಿಂತವನನ್ನೇ ನೋಡುತ್ತಾ ಕೇಳಿದೆ. "ಯಾವಾಗ ಬರುತ್ತೆ?"

ಅವನು ನನ್ನ ಮುಖವನ್ನೇ ನೋಡುತ್ತಾ ಹೇಳಿದ.

"ಹತ್ತು ನಿಮಿಷ, ಶಾಂಭವಿ."